ಕಾಂಗೋದಲ್ಲಿ ಶಾಂತಿ ಏಕೆ ನಿಲ್ಲುತ್ತಿಲ್ಲ: ಅದಿರಿನ ತಪ್ಪೋ, ಒಪ್ಪಂದಗಳ ತಪ್ಪೋ?

ಗಣಿಧೂಳು, ಸಂಡೂರು

ಕೆಂಪು ಧೂಳು ಹೊತ್ತ ಗುಡ್ಡಗಳ ನಡುವೆ ಬೆಳೆದವನಾದ್ದರಿಂದಲೋ ಏನೋ, ಅದಿರಿರುವ ಊರುಗಳ ಸುದ್ದಿ ಕಂಡರೆ ಓದದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಜಗತ್ತಿನ ಗಣಿಗಳು ಹೊರತೆಗೆಯುವ ಕೋಬಾಲ್ಟ್‌ನಲ್ಲಿ ಸುಮಾರು ಶೇ. 70ರಷ್ಟು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ಒಂದರಿಂದಲೇ ಬರುತ್ತದೆ. ತಾಮ್ರ, ವಜ್ರ, ಚಿನ್ನ, ತವರ, ಕೋಲ್ಟಾನ್ ಎಲ್ಲವೂ ಅಲ್ಲಿವೆ. ಇಂಗಾ ಜಲಪಾತವನ್ನು ಪೂರ್ತಿ ಬಳಸಿಕೊಂಡರೆ ಸುಮಾರು 40,000 ಮೆಗಾವಾಟ್ ವಿದ್ಯುತ್ ದೊರೆಯುತ್ತದೆಂಬ ಲೆಕ್ಕವೂ ಇದೆ. ಇಷ್ಟಿದ್ದೂ ಅಲ್ಲಿನ ಹತ್ತು ಜನರಲ್ಲಿ ಏಳು ಮಂದಿ ಕಡುಬಡವರು.

2025ರ ಜನವರಿಯಲ್ಲಿ ಎಂ23 ಬಂಡುಕೋರರು ಪೂರ್ವ ಕಾಂಗೋದ ಗೋಮಾ ನಗರವನ್ನೂ ಫೆಬ್ರುವರಿಯಲ್ಲಿ ಬುಕಾವುವನ್ನೂ ವಶಪಡಿಸಿಕೊಂಡರು. ಜೂನ್ 27ರಂದು ವಾಷಿಂಗ್ಟನ್‌ನಲ್ಲಿ ಕಾಂಗೋ ಮತ್ತು ರುವಾಂಡಾ ಒಪ್ಪಂದಕ್ಕೆ ಸಹಿ ಹಾಕಿದವು, ಜುಲೈನಲ್ಲಿ ದೋಹಾದಲ್ಲಿ ಬಂಡುಕೋರರೊಂದಿಗೆ ಇನ್ನೊಂದು ಕಾಗದಕ್ಕೆ ಸಹಿ ಬಿತ್ತು, ಆದರೆ ಬಂದೂಕು ಕೆಳಗಿಳಿಯಲಿಲ್ಲ.

ನನಗೆ ತೋಚುವುದು ಇಷ್ಟೇ: ಜಗಳದ ಮೂಲ ಅದಿರು. ಕೊಳ್ಳುವವರು ಕೊಳ್ಳುವುದನ್ನು ನಿಲ್ಲಿಸಿದರೆ ಬಂದೂಕಿಗೆ ಹಣ ಹುಟ್ಟುವುದಿಲ್ಲ, ಹಣವಿಲ್ಲದ ಯುದ್ಧ ಬಹಳ ದಿನ ನಡೆಯುವುದಿಲ್ಲ. ನನ್ನ ತಿಳಿವಳಿಕೆ ತಪ್ಪಾಗಿದ್ದರೆ ಬಲ್ಲವರು ತಿದ್ದಬೇಕು.

ಹಳೆಯ ಮೇಷ್ಟ್ರು, ಧಾರವಾಡ

ಅರ್ಧ ಸರಿ, ಅರ್ಧ ಅವಸರ. 1960ರ ಜೂನ್ 30ರಂದು ಬೆಲ್ಜಿಯಂ ಆ ದೇಶವನ್ನು ಬಿಟ್ಟು ಹೋದಾಗ ಇಡೀ ಕಾಂಗೋದಲ್ಲಿ ವಿಶ್ವವಿದ್ಯಾಲಯದ ಪದವಿ ಪಡೆದ ಸ್ಥಳೀಯರು ಮೂವತ್ತು ಮಂದಿಯೂ ಇರಲಿಲ್ಲ, ಸೈನ್ಯದ ಅಧಿಕಾರಿಗಳೆಲ್ಲರೂ ಬಿಳಿಯರು. ಒಂದೇ ವಾರದಲ್ಲಿ ಸೈನಿಕರು ದಂಗೆ ಎದ್ದರು. ಜುಲೈ 11ರಂದು ಮೊಯಿಸ್ ಶೋಂಬೆ ತಾಮ್ರದ ನಾಡಾದ ಕಟಾಂಗವನ್ನು ಪ್ರತ್ಯೇಕ ದೇಶವೆಂದು ಘೋಷಿಸಿದಾಗ ಅಲ್ಲಿನ ಗಣಿ ಕಂಪನಿ ಯೂನಿಯನ್ ಮಿನಿಯೇರ್ ಅವನ ಬೆನ್ನಿಗಿತ್ತು. ಪ್ರಧಾನಿ ಲುಮುಂಬಾ ಅವರನ್ನು ಅದೇ ಕಟಾಂಗಕ್ಕೆ ಒಯ್ದು 1961ರ ಜನವರಿ 17ರಂದು ಕೊಂದರು. ಅವರ ದೇಹದಲ್ಲಿ ಉಳಿದದ್ದು ಒಂದು ಹಲ್ಲು ಮಾತ್ರ, ಅದನ್ನು ಬೆಲ್ಜಿಯಂ ಅವರ ಮಕ್ಕಳಿಗೆ ಹಿಂದಿರುಗಿಸಿದ್ದು 2022ರಲ್ಲಿ. ಆದ್ದರಿಂದ ಅದಿರಿನ ಪಾತ್ರ ಇಲ್ಲವೆನ್ನಲಾರೆ. ಆದರೆ ಅದಿರು ಕದಿಯಲು ಬಂದವನಿಗೆ ಬಾಗಿಲು ತೆರೆದಿತ್ತು, ಕಾವಲಿಗೆ ಯಾರೂ ಇರಲಿಲ್ಲ ಎಂಬುದನ್ನೂ ಸೇರಿಸಿಕೊಳ್ಳಬೇಕು.

ವಿಶ್ವಸಂಸ್ಥೆಯ ಪಡೆಯಲ್ಲಿದ್ದ ನಮ್ಮ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ 1961ರ ಡಿಸೆಂಬರ್ 5ರಂದು ಕಟಾಂಗದ ಎಲಿಜಬೆತ್‌ವಿಲ್‌ನಲ್ಲಿ ಪ್ರಾಣ ಕೊಟ್ಟದ್ದು ಇದೇ ಹೋರಾಟದಲ್ಲಿ.

ಕಾವೇರಿ ತೀರ, ಶ್ರೀರಂಗಪಟ್ಟಣ

ಸಲಾರಿಯಾ ಅವರು ಬೆಲ್ಜಿಯಂ ಸೈನ್ಯದ ವಿರುದ್ಧ ಹೋರಾಡಿದವರಲ್ಲವೇ? ನಮ್ಮ ಜನರಲ್ ತಿಮ್ಮಯ್ಯನವರೂ ಅಲ್ಲಿದ್ದರೆಂದು ಎಲ್ಲೋ ಓದಿದ ನೆನಪು.

ಹಳೆಯ ಮೇಷ್ಟ್ರು, ಧಾರವಾಡ

ಎರಡೂ ಅಲ್ಲ. ಸಲಾರಿಯಾ ಎದುರಿಸಿದ್ದು ಕಟಾಂಗದ ಜೆಂಡಾರ್ಮರಿ ಪಡೆಯನ್ನು, ಅದರಲ್ಲಿ ಸಂಬಳಕ್ಕೆ ಬಂದ ವಿದೇಶಿ ಸೈನಿಕರೂ ಇದ್ದರು. ತಿಮ್ಮಯ್ಯನವರು ವಿಶ್ವಸಂಸ್ಥೆಯ ಪಡೆಯನ್ನು ಮುನ್ನಡೆಸಿದ್ದು ಸೈಪ್ರಸ್‌ನಲ್ಲಿ, 1965ರಲ್ಲಿ ಅಲ್ಲಿಯೇ ತೀರಿಕೊಂಡರು.

ಬೆಳ್ಳಿ ಚುಕ್ಕಿ, ಉಡುಪಿ

ಅದಿರೇ ಶಾಪವಾಗಿದ್ದರೆ ಬೋಟ್ಸ್‌ವಾನಾ ಏಕೆ ಉರಿಯಲಿಲ್ಲ?

ಲೆಕ್ಕಿಗ, ಒಮ್ಮೆ ಲುಬುಂಬಾಶಿ, ಈಗ ಹುಬ್ಬಳ್ಳಿ

ಒಂದು ಸಾಲಿನ ಪ್ರಶ್ನೆಯಾದರೂ ಒಳ್ಳೆಯ ಪ್ರಶ್ನೆ. ಬೋಟ್ಸ್‌ವಾನಾ 1966ರಲ್ಲಿ ಸ್ವತಂತ್ರವಾಯಿತು, ಓರಾಪಾದಲ್ಲಿ ವಜ್ರ ಸಿಕ್ಕಿದ್ದು ಮರುವರ್ಷ. ಅದೇ 1967ರ ಕಾನೂನಿನಿಂದ ಬುಡಕಟ್ಟುಗಳ ಕೈಯಲ್ಲಿದ್ದ ಖನಿಜದ ಹಕ್ಕು ದೇಶಕ್ಕೆ ಸೇರಿತು. ಅಧ್ಯಕ್ಷ ಸೆರೆಟ್ಸೆ ಖಾಮಾ ತಮ್ಮದೇ ಬುಡಕಟ್ಟಿನ ನೆಲದ ಹಕ್ಕನ್ನೂ ಬಿಡಿಸಿಕೊಟ್ಟರು. ಮೊದಲು ಮನೆಯ ಯಜಮಾನ ತನ್ನ ಪಾಲನ್ನು ನಡುಮನೆಗೆ ತಂದಿಟ್ಟಿದ್ದರಿಂದ ಉಳಿದವರು ತಮ್ಮದನ್ನು ಬಚ್ಚಿಡಲಿಲ್ಲ. ಹಾಗೆಂದು ಹೋಲಿಕೆಯನ್ನು ಬಹಳ ಎಳೆಯಬಾರದು. ಅದು ಸಣ್ಣ ಜನಸಂಖ್ಯೆಯ ದೇಶ, ಕಾಂಗೋದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿದ್ದಾರೆ ಮತ್ತು ಅದು ನಮ್ಮ ಕರ್ನಾಟಕದ ಹನ್ನೆರಡು ಪಟ್ಟು ದೊಡ್ಡದು. ರಾಜಧಾನಿ ಕಿನ್ಶಾಸಾದಿಂದ ಗೋಮಾಕ್ಕೆ ನೆಚ್ಚಿಕೊಂಡು ಹೊರಡಬಹುದಾದ ರಸ್ತೆಯೇ ಇಲ್ಲ, ಗೋಮಾ ಬಂಡುಕೋರರ ಕೈಸೇರುವವರೆಗೆ ವಿಮಾನವೊಂದೇ ಗತಿಯಾಗಿತ್ತು.

ನೀಲಿ ಟೊಪ್ಪಿಗೆ, ಮಡಿಕೇರಿ

ನಾನು 2009ರ ಸುಮಾರಿಗೆ ಉತ್ತರ ಕಿವು ಪ್ರಾಂತದಲ್ಲಿ ವಿಶ್ವಸಂಸ್ಥೆಯ ಪಡೆಯ ಭಾರತದ ಬ್ರಿಗೇಡಿನೊಂದಿಗೆ ಇದ್ದವನು. ಗೋಮಾ ನಗರ ನಿಂತಿರುವುದು ನ್ಯಿರಾಗೊಂಗೊ ಜ್ವಾಲಾಮುಖಿಯ ಕಪ್ಪು ಲಾವಾದ ಮೇಲೆ. ಬೂಟಿನ ಅಟ್ಟೆ ಆರು ತಿಂಗಳೂ ಬಾಳಿಕೆ ಬರುತ್ತಿರಲಿಲ್ಲ. ಅದೇ ಕಲ್ಲಿನ ಮೇಲೆ ಹುಡುಗರು ಚುಕುಡು ಎಂಬ ಮರದ ಗಾಡಿಯನ್ನು ತಳ್ಳಿಕೊಂಡು ಬರುತ್ತಾರೆ. ಎರಡು ಮರದ ಚಕ್ರ, ಎಮ್ಮೆಯ ಕೊಂಬಿನಂತೆ ಅಗಲವಾದ ಹಿಡಿಕೆ, ಮೇಲೆ ಆಲೂಗೆಡ್ಡೆಯದೋ ಇದ್ದಿಲಿನದೋ ಐದಾರು ಮೂಟೆ. ಇಳಿಜಾರಿನಲ್ಲಿ ಒಂದು ಮೊಣಕಾಲನ್ನು ಹಲಗೆಗೆ ಊರಿ ಜಾರಿಕೊಂಡು ಹೋಗುತ್ತಾರೆ. ಊರಿನ ಒಂದು ವೃತ್ತದಲ್ಲಿ ಆ ಗಾಡಿಗೆ ಚಿನ್ನದ ಬಣ್ಣದ ಪ್ರತಿಮೆಯೇ ಇದೆ. ಮೆಕ್ಕೆಜೋಳ ಮತ್ತು ಮರಗೆಣಸಿನ ಹಿಟ್ಟಿನ ಮುದ್ದೆಯನ್ನು ಕಿವು ಸರೋವರದ ಪುಟ್ಟ ಸಂಬಾಜಾ ಮೀನಿನೊಂದಿಗೆ ಉಣ್ಣುತ್ತಾರೆ. ನಮ್ಮ ಪಡೆಯಲ್ಲಿದ್ದ ಮಂಡ್ಯದ ಹುಡುಗನೊಬ್ಬ ಅದನ್ನು ನೋಡಿ ಊರು ನೆನಪಾಗಿ ಸುಮ್ಮನಾಗಿಬಿಟ್ಟ.

ಈಗ ವಿಷಯಕ್ಕೆ ಬರುತ್ತೇನೆ. ಆ ವರ್ಷ ಬಂಡುಕೋರರನ್ನು ದೇಶದ ಸೈನ್ಯಕ್ಕೆ ಸೇರಿಸಿಕೊಂಡರು. ನಾವು ಕಂಡದ್ದೇನೆಂದರೆ, ಹಿಂದಿನ ವಾರ ಗುಡ್ಡದ ಮೇಲಿದ್ದ ಅದೇ ಜನ, ಅದೇ ನಾಯಕ, ಅದೇ ಗುಡ್ಡ. ಬದಲಾದದ್ದು ಸಮವಸ್ತ್ರ ಮಾತ್ರ. ಸರ್ಕಾರದ ಸಂಬಳ ತಿಂಗಳುಗಟ್ಟಲೆ ಬಾರದಿದ್ದಾಗ ಅವರು ರಸ್ತೆಗೆ ಅಡ್ಡಲಾಗಿ ಹಗ್ಗ ಕಟ್ಟಿ ಸಂತೆಗೆ ಹೋಗುವ ಹೆಂಗಸರಿಂದ ಹಣವನ್ನೋ ಒಂದು ಬೊಗಸೆ ಹುರುಳಿಯನ್ನೋ ಕಿತ್ತುಕೊಳ್ಳುತ್ತಿದ್ದರು. ಅಲ್ಲಿ ಕೋಲ್ಟಾನ್ ಇರಲಿಲ್ಲ, ಇದ್ದದ್ದು ಹುರುಳಿ.

ಕರಿ ಕೋಟು, ಬೆಂಗಳೂರು

ನೀಲಿ ಟೊಪ್ಪಿಗೆಯವರು ಹೇಳಿದ್ದೇ ಇಡೀ ಕಥೆಯ ಕೀಲು ಎಂದು ನನಗೆ ತೋರುತ್ತದೆ. ಎಂ23 ಎಂಬ ಹೆಸರು ಬಂದದ್ದೆಲ್ಲಿಂದ? 2009ರ ಮಾರ್ಚ್ 23ರಂದು ಆದ ಶಾಂತಿ ಒಪ್ಪಂದದಿಂದ. ಆ ಒಪ್ಪಂದದ ಪ್ರಕಾರ ಸೈನ್ಯಕ್ಕೆ ಸೇರಿದವರೇ 2012ರಲ್ಲಿ, ಸರ್ಕಾರ ಮಾತು ತಪ್ಪಿತೆಂದು ಹೇಳಿ, ಸೈನ್ಯದ ಬಂದೂಕುಗಳನ್ನೇ ಹೊತ್ತು ಹೊರಬಂದು ಆ ವರ್ಷದ ನವೆಂಬರ್‌ನಲ್ಲಿ ಗೋಮಾ ಹಿಡಿದರು. ಶಾಂತಿ ಒಪ್ಪಂದದ ತಾರೀಖನ್ನೇ ದಂಗೆಯ ಹೆಸರಾಗಿ ಇಟ್ಟುಕೊಂಡ ಉದಾಹರಣೆ ಬೇರೆ ಎಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಬಂದೂಕು ಹಿಡಿದವನಿಗೆ ಪ್ರತಿ ಒಪ್ಪಂದವೂ ಹುದ್ದೆ ಕೊಡುತ್ತದೆ, ಹಿಡಿಯದೆ ಹೊಲ ಉತ್ತವನಿಗೆ ಏನನ್ನೂ ಕೊಡುವುದಿಲ್ಲ. ಮುಂದಿನ ಹಳ್ಳಿಯ ಹುಡುಗ ಇದನ್ನು ನೋಡಿ ಏನು ಕಲಿಯುತ್ತಾನೆ? ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಇದು ಇನ್ನೂ ನಾಚಿಕೆಗೇಡಾಗಿ ನಡೆಯಿತು. 1999ರ ಜುಲೈನ ಲೋಮೆ ಒಪ್ಪಂದದಲ್ಲಿ, ಜನರ ಕೈಕಾಲು ಕಡಿಸಿದ ಪಡೆಯ ನಾಯಕ ಫೊಡೇ ಸಂಕೋಗೆ ಉಪಾಧ್ಯಕ್ಷನ ಸ್ಥಾನಮಾನ ಕೊಟ್ಟು, ದೇಶದ ವಜ್ರಸಂಪತ್ತನ್ನು ನೋಡಿಕೊಳ್ಳುವ ಆಯೋಗಕ್ಕೆ ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ವರ್ಷ ತುಂಬುವ ಮೊದಲೇ ಅವನ ಜನ ವಿಶ್ವಸಂಸ್ಥೆಯ ನೂರಾರು ಸೈನಿಕರನ್ನು ಒತ್ತೆಯಾಳಾಗಿ ಹಿಡಿದರು. ಕೈಲಾಹುನ್‌ನಲ್ಲಿ ಸಿಕ್ಕಿಬಿದ್ದ ನಮ್ಮವರನ್ನು 2000ದ ಜುಲೈನಲ್ಲಿ 'ಖುಕ್ರಿ' ಕಾರ್ಯಾಚರಣೆ ನಡೆಸಿ ಬಿಡಿಸಬೇಕಾಯಿತು.

ಎರಡು ಮಾತು, ಮೈಸೂರು

ಕೇಳಲು ನ್ಯಾಯವೇ, ಆದರೆ ಬಂದೂಕು ಹಿಡಿದವನನ್ನು ಮೇಜಿಗೆ ಕರೆಯದೆ ಯುದ್ಧ ನಿಲ್ಲಿಸಿದವರು ಯಾರಿದ್ದಾರೆ ಹೇಳಿ. 1998ರಲ್ಲಿ ಆರಂಭವಾದ ಎರಡನೆಯ ಕಾಂಗೋ ಯುದ್ಧದಲ್ಲಿ ರುವಾಂಡಾ, ಉಗಾಂಡಾ, ಅಂಗೋಲಾ, ಜಿಂಬಾಬ್ವೆ, ನಮೀಬಿಯಾ ಎಲ್ಲವುಗಳ ಸೈನ್ಯ ಕಾಂಗೋದ ನೆಲದಲ್ಲಿತ್ತು. ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ 2002ರಲ್ಲಿ ನಡೆದ ಮಾತುಕತೆಯಿಂದಲೂ ಅದರ ಬೆನ್ನಿಗೆ ಬಂದ ಪ್ರಿಟೋರಿಯಾ ಒಪ್ಪಂದದಿಂದಲೂ ಒಬ್ಬ ಅಧ್ಯಕ್ಷ ಮತ್ತು ನಾಲ್ವರು ಉಪಾಧ್ಯಕ್ಷರ ವಿಚಿತ್ರ ಸರ್ಕಾರ ಹುಟ್ಟಿತು. ಆ ನಾಲ್ವರಲ್ಲಿ ಇಬ್ಬರು ನಿನ್ನೆಯವರೆಗೆ ದಂಗೆಯ ನಾಯಕರು. ನಗುವವರು ನಕ್ಕರು, ಆದರೂ ದೇಶ ಒಂದಾಗಿ ಉಳಿಯಿತು. 2006ರಲ್ಲಿ ನಾಲ್ಕು ದಶಕಗಳ ನಂತರ ಬಹುಪಕ್ಷೀಯ ಚುನಾವಣೆಯಾಯಿತು. ಹುದ್ದೆ ಹಂಚದಿದ್ದರೆ ಇದೂ ಆಗುತ್ತಿರಲಿಲ್ಲ. ವಕೀಲರು ಕೋರ್ಟಿನಲ್ಲಿ ರಾಜಿ ಮಾಡಿಸುವಾಗ ಎದುರು ಪಕ್ಷದವನ ಗುಣನಡತೆ ಕೇಳುತ್ತಾರೆಯೇ?

ಕರಿ ಕೋಟು, ಬೆಂಗಳೂರು

ಗುಣನಡತೆ ಕೇಳುವುದಿಲ್ಲ, ಆದರೆ ರಾಜಿಪತ್ರದಲ್ಲಿ ಮನೆಯವರೆಲ್ಲರ ಸಹಿ ಇದೆಯೇ ಎಂದು ಖಂಡಿತ ಕೇಳುತ್ತೇವೆ. ಇಬ್ಬರು ಅಣ್ಣಂದಿರು ಜಮೀನು ಹಂಚಿಕೊಂಡು ತಂಗಿಯರ ಹೆಸರನ್ನೇ ಬಿಟ್ಟರೆ ಆ ಮೊಕದ್ದಮೆ ಹತ್ತು ವರ್ಷದ ನಂತರವಾದರೂ ಮತ್ತೆ ನ್ಯಾಯಾಲಯಕ್ಕೆ ಬಂದೇ ಬರುತ್ತದೆ. ಸನ್ ಸಿಟಿಯ ಮಾತುಕತೆ ದೊಡ್ಡ ಯುದ್ಧವನ್ನು ನಿಲ್ಲಿಸಿತೆಂಬುದನ್ನು ಒಪ್ಪುತ್ತೇನೆ. ಪೂರ್ವದ ಕಿವು ಪ್ರಾಂತಗಳ ಸಣ್ಣ ಯುದ್ಧಗಳನ್ನು ಅದು ಮುಟ್ಟಲಿಲ್ಲ.

ಸಿಯೆರಾ ಲಿಯೋನ್ ಗೆದ್ದದ್ದು ಹುದ್ದೆ ಹಂಚಿಯಲ್ಲ. ಸಂಕೋ 2000ದ ಮೇ ತಿಂಗಳಲ್ಲಿ ಸೆರೆಯಾದ, ಬ್ರಿಟನ್ನಿನ ಸೈನ್ಯ ಬಂದಿಳಿಯಿತು, ವಿಶ್ವಸಂಸ್ಥೆಯ ಪಡೆ 17,000 ದಾಟಿತು, 70,000ಕ್ಕೂ ಹೆಚ್ಚು ಮಂದಿ ಆಯುಧ ಒಪ್ಪಿಸಿದರು. ಆಮೇಲೆ ಸತ್ಯ ಮತ್ತು ಸಮನ್ವಯ ಆಯೋಗವೂ ವಿಶೇಷ ನ್ಯಾಯಾಲಯವೂ ಜೊತೆಜೊತೆಯಾಗಿ ನಡೆದವು, 2004ರಲ್ಲಿ ಸ್ಥಳೀಯ ಮಂಡಳಿಗಳು ಮರಳಿ ಬಂದವು. ವಜ್ರದ ರಫ್ತು ತೆರಿಗೆಯ ಒಂದು ಪಾಲು ವಜ್ರ ಅಗೆಯುವ ಊರುಗಳಿಗೇ ಹಿಂದಿರುಗಬೇಕೆಂಬ ನಿಯಮವೂ ಬಂತು. ಅಲ್ಲಿ ಬಡತನ ಹಾಗೆಯೇ ಇದೆ, ನಿಜ. ಆದರೆ 2002ರಿಂದ ಇಲ್ಲಿಯವರೆಗೆ ಆ ಯುದ್ಧ ಮರುಕಳಿಸಿಲ್ಲ.

ಮಲೆಯ ಮಾತು, ಸಾಗರ

ಎಲ್ಲರೂ ಸುತ್ತಿ ಬಳಸುತ್ತಿದ್ದೀರಿ. ತಪ್ಪು ರುವಾಂಡಾದ್ದು. ವಿಶ್ವಸಂಸ್ಥೆಯ ತಜ್ಞರೇ ತಮ್ಮ ವರದಿಗಳಲ್ಲಿ ರುವಾಂಡಾದ ಸೈನಿಕರು ಎಂ23 ಜೊತೆ ಇದ್ದಾರೆಂದು ಬರೆದಿದ್ದಾರೆ. ರುಬಾಯಾದ ಕೋಲ್ಟಾನ್ ಗಣಿ 2024ರಿಂದ ಎಂ23 ಕೈಯಲ್ಲಿದೆ. ನೆರೆಮನೆಯವನು ಗೋಡೆ ಹಾರುವುದನ್ನು ನಿಲ್ಲಿಸಿದರೆ ಉಳಿದದ್ದು ತಾನಾಗಿಯೇ ಸರಿಹೋಗುತ್ತದೆ.

ಹಳೆಯ ಮೇಷ್ಟ್ರು, ಧಾರವಾಡ

ಗೋಡೆ ಹಾರುವುದು ನಿಜ, ಆದರೆ ಮನೆಯೊಳಗೆ ಇನ್ನೊಂದು ಜಗಳ ಮೊದಲಿನಿಂದಲೂ ಇದೆ. ರುವಾಂಡಾದ ಭಾಷೆಯಾದ ಕಿನ್ಯಾರುವಾಂಡಾ ಮಾತನಾಡುವ ಕುಟುಂಬಗಳು ಕಿವು ಬೆಟ್ಟಗಳಲ್ಲಿ ತಲೆಮಾರುಗಳಿಂದ ಇವೆ. ಕೆಲವರು ಗಡಿ ಎಳೆಯುವ ಮೊದಲೇ ಅಲ್ಲಿದ್ದವರು, ಕೆಲವರನ್ನು ಬೆಲ್ಜಿಯಂನವರು ತೋಟದ ಕೆಲಸಕ್ಕೆ ಕರೆತಂದರು, ಇನ್ನು ಕೆಲವರು 1959ರ ನಂತರ ಓಡಿಬಂದರು. ಸರ್ವಾಧಿಕಾರಿ ಮೊಬುಟು ಸರ್ಕಾರ 1972ರ ಕಾನೂನಿನಲ್ಲಿ 1950ಕ್ಕಿಂತ ಮೊದಲು ಬಂದವರಿಗೆ ಪೌರತ್ವ ಕೊಟ್ಟಿತು, 1981ರ ಕಾನೂನಿನಲ್ಲಿ ಅದನ್ನು ಕಿತ್ತುಕೊಂಡಿತು. ಪೌರತ್ವವಿಲ್ಲದಿದ್ದರೆ ಮತವಿಲ್ಲ, ಅದಕ್ಕಿಂತ ಹೆಚ್ಚಾಗಿ ಜಮೀನಿನ ಮೇಲೆ ಹಕ್ಕಿಲ್ಲ. ರುವಾಂಡಾದಲ್ಲಿ 1994ರಲ್ಲಿ ನಡೆದ ನರಮೇಧದ ನಂತರ ಅಲ್ಲಿಂದ ಹತ್ತು ಲಕ್ಷಕ್ಕೂ ಮೀರಿದ ಹುಟು ಜನಾಂಗದ ನಿರಾಶ್ರಿತರು, ಅವರ ನಡುವೆ ಕೊಲೆಗಡುಕರ ಸೈನ್ಯವೂ ಸೇರಿ, ಇದೇ ಬೆಟ್ಟಗಳಿಗೆ ಬಂದರು. ಆ ಹೊತ್ತಿಗೆ ಅಲ್ಲಿ ಜಮೀನಿನ ಜಗಳ ಹೊಗೆಯಾಡುತ್ತಲೇ ಇತ್ತು.

2004ರ ಹೊಸ ಕಾನೂನು, ಸ್ವಾತಂತ್ರ್ಯದ ಹೊತ್ತಿಗೆ ಅಲ್ಲಿದ್ದ ಜನಾಂಗಗಳೆಲ್ಲವೂ ಕಾಂಗೋದವೇ ಎಂದು ಬರೆಯಿತು. ಕಾನೂನು ಬದಲಾದರೂ ಪಕ್ಕದ ಹೊಲದವನ ಕಣ್ಣು ಬದಲಾಗಿಲ್ಲ. 'ನೀನು ಎಲ್ಲಿಯವನು' ಎಂಬ ಪ್ರಶ್ನೆಯನ್ನು ಅಲ್ಲಿ ಕುಶಲ ವಿಚಾರಿಸಲು ಕೇಳುವುದಿಲ್ಲ. ರುವಾಂಡಾ ಈ ಗಾಯದಲ್ಲಿಯೇ ಕೈಯಿಟ್ಟು ಕೆದಕುತ್ತದೆ.

ಟೀಕಾಚಾರಿ, ಕಲಬುರಗಿ

ಇಷ್ಟೆಲ್ಲ ಕೇಳಿದ ಮೇಲೆ ನನಗನಿಸುವುದು, ಅದು ಒಂದು ದೇಶವೇ ಅಲ್ಲ. ಬೆಲ್ಜಿಯಂನ ಲಿಯೋಪೋಲ್ಡ್ ದೊರೆ ನಕ್ಷೆಯ ಮೇಲೆ ಗೆರೆ ಎಳೆದು ಇನ್ನೂರಕ್ಕೂ ಹೆಚ್ಚು ಭಾಷೆಗಳನ್ನು ಒಂದು ಚೀಲಕ್ಕೆ ತುಂಬಿದ. ನಾಲ್ಕು ಭಾಗ ಮಾಡಿ ಬಿಟ್ಟರೆ ಎಲ್ಲರೂ ನೆಮ್ಮದಿಯಾಗಿರುತ್ತಾರೆ.

ನೀಲಿ ಟೊಪ್ಪಿಗೆ, ಮಡಿಕೇರಿ

ಈ ಮಾತನ್ನು ಗೋಮಾದ ಯಾವುದಾದರೂ ಚುಕುಡು ಹುಡುಗನ ಮುಂದೆ ಆಡಿ ನೋಡಿ, ಅವನು ನಿಮ್ಮನ್ನು ಜಗಳಕ್ಕೇ ಕರೆಯುತ್ತಾನೆ. ಸರ್ಕಾರವನ್ನು ಬಾಯಿತುಂಬ ಬೈಯುವವನೂ ದೇಶವನ್ನು ಬಿಟ್ಟುಕೊಡುವುದಿಲ್ಲ. 2024ರ ಫೆಬ್ರುವರಿಯಲ್ಲಿ ಆಫ್ರಿಕಾ ಕಪ್ ಸೆಮಿಫೈನಲ್ ನೆನಪಿದೆಯೇ? ರಾಷ್ಟ್ರಗೀತೆ ನಡೆಯುವಾಗ ಕಾಂಗೋದ ಆಟಗಾರರು ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯ ಎರಡು ಬೆರಳನ್ನು ಬಂದೂಕಿನಂತೆ ಕಣತಲೆಗೆ ಹಿಡಿದು ನಿಂತರು. ಪೂರ್ವದಲ್ಲಿ ಸಾಯುತ್ತಿರುವವರ ಬಗ್ಗೆ ಜಗತ್ತು ಬಾಯಿ ಬಿಡುತ್ತಿಲ್ಲವೆಂದು ಅದರ ಅರ್ಥ. ಬೇರೆ ಬೇರೆ ಪ್ರಾಂತದ ಮೂಲದವರೂ ಯುರೋಪಿನಲ್ಲಿ ಹುಟ್ಟಿದವರೂ ಇದ್ದ ತಂಡ ಅದು.

ಬೆಳ್ಳಿ ಚುಕ್ಕಿ, ಉಡುಪಿ

ಟೀಕಾಚಾರಿಯವರೇ, ಭಾಷೆ ಹೆಚ್ಚಿದ್ದರೆ ಒಡೆಯಬೇಕೆಂಬ ಸೂತ್ರವನ್ನು ಭಾರತದಲ್ಲಿ ಕುಳಿತು ಹೇಳುತ್ತಿದ್ದೀರಿ! ಅಲ್ಲಿ ಆಡಳಿತಕ್ಕೆ ಫ್ರೆಂಚ್ ಇದ್ದರೂ ಲಿಂಗಾಲ, ಸ್ವಾಹಿಲಿ, ಕಿಕೊಂಗೊ, ಚಿಲುಬಾ ಎಂಬ ನಾಲ್ಕು ರಾಷ್ಟ್ರಭಾಷೆಗಳಿವೆ. ಲಿಂಗಾಲದ ಹಾಡುಗಳಿಗೆ ಸ್ವಾಹಿಲಿ ನಾಡಿನವರೂ ಕುಣಿಯುತ್ತಾರೆ.

ಲೆಕ್ಕಿಗ, ಒಮ್ಮೆ ಲುಬುಂಬಾಶಿ, ಈಗ ಹುಬ್ಬಳ್ಳಿ

ಹಾಡು, ಆಟ ಎರಡೂ ಇವೆ, ಇಲ್ಲದಿರುವುದು ಲೆಕ್ಕ. ನಾನು ಅಲ್ಲಿ ಮೂರು ವರ್ಷ ಅದಿರು ಕೊಳ್ಳುವ ಒಂದು ಸಂಸ್ಥೆಯಲ್ಲಿ ಪುಸ್ತಕ ಬರೆದವನು, ಹೆಸರು ಬೇಡ. ಕೊಲ್ವೆಜಿ ಕಡೆಯ ಹುಡುಗರು ಕೈಯಲ್ಲಿ ಅಗೆದ ಅದಿರನ್ನು ಮೂಟೆ ಕಟ್ಟಿ, ಸೈಕಲ್ಲಿನ ಮೇಲೋ ಮೋಟಾರು ಬೈಕಿನ ಮೇಲೋ ನಮ್ಮ ಮಂಡಿಗೆ ತರುತ್ತಿದ್ದರು. ಅಲ್ಲಿ ತಕ್ಕಡಿಯ ಪಕ್ಕದಲ್ಲಿ ಅದಿರಿನ ಸತ್ವ ಅಳೆಯುವ ಒಂದು ಕೈಯಂತ್ರ ಇರುತ್ತಿತ್ತು. ಯಂತ್ರ ಮೂರು ಎಂದು ತೋರಿಸಿದರೆ ಒಂದು ಬೆಲೆ, ಎರಡು ಎಂದರೆ ಅದರ ಅರ್ಧಕ್ಕಿಂತ ಕಡಿಮೆ. ಯಂತ್ರದ ಪರದೆ ನಮ್ಮ ಕಡೆಗೆ ತಿರುಗಿತ್ತು, ಅವರ ಕಡೆಗಲ್ಲ. ಒಮ್ಮೆ ಒಬ್ಬ ಹುಡುಗ ಒಂದೇ ಮೂಟೆಯನ್ನು ಎರಡಾಗಿ ಮಾಡಿ, ಒಂದನ್ನು ಬೆಳಿಗ್ಗೆಯೂ ಇನ್ನೊಂದನ್ನು ಮಧ್ಯಾಹ್ನ ತಮ್ಮನ ಕೈಯಲ್ಲೂ ಕಳುಹಿಸಿದ. ಎರಡಕ್ಕೂ ಬೇರೆ ಬೇರೆ ಅಂಕಿ ಬಂತು. ಅವನು ಕೂಗಾಡಲಿಲ್ಲ. ಎರಡು ಚೀಟಿಗಳನ್ನೂ ಪಕ್ಕಪಕ್ಕದಲ್ಲಿ ನನ್ನ ಮೇಜಿನ ಮೇಲಿಟ್ಟು ಹೊರಟುಹೋದ. ನಾನು ಆ ದಿನದ ಲೆಕ್ಕವನ್ನು ಎಂದಿನಂತೆ ಮುಗಿಸಿದೆ, ಅದನ್ನೂ ಇಲ್ಲಿ ಬರೆಯಬೇಕಲ್ಲ.

ಕಾಗದದ ಮೇಲೆ ಕಾಂಗೋದ ಕಾನೂನು ಯಾರಿಗೂ ಕಡಿಮೆಯಿಲ್ಲ. 2006ರ ಸಂವಿಧಾನದ ಪ್ರಕಾರ ಪ್ರಾಂತಗಳಲ್ಲಿ ಸಂಗ್ರಹವಾಗುವ ರಾಷ್ಟ್ರೀಯ ವರಮಾನದಲ್ಲಿ ಶೇ. 40ರಷ್ಟು ಅಲ್ಲಿಯೇ ಉಳಿಯಬೇಕು, ಅದು ಎಂದೂ ಪೂರ್ತಿಯಾಗಿ ಉಳಿಯಲಿಲ್ಲ. 2015ರಲ್ಲಿ 11 ಪ್ರಾಂತಗಳನ್ನು 26 ಮಾಡಿದಾಗ ಕಚೇರಿ, ಕುರ್ಚಿ, ಕಾರುಗಳು ಹೆಚ್ಚಿದವು. 2018ರ ಗಣಿ ಕಾನೂನು ಕೋಬಾಲ್ಟ್‌ನಂಥ ಖನಿಜಗಳ ರಾಜಧನವನ್ನು ಶೇ. 10ಕ್ಕೆ ಏರಿಸಲು ದಾರಿ ಮಾಡಿತು. ಆ ರಾಜಧನದಲ್ಲಿ ಅರ್ಧ ಕೇಂದ್ರಕ್ಕೆ, ಶೇ. 25 ಪ್ರಾಂತಕ್ಕೆ, ಶೇ. 15 ಗಣಿಯಿರುವ ಸ್ಥಳೀಯ ಆಡಳಿತಕ್ಕೆ, ಶೇ. 10 ಮುಂದಿನ ಪೀಳಿಗೆಯ ನಿಧಿಗೆ. ಮೊಬುಟು ಕಾಲದಿಂದಲೂ ಜನ ತಮಾಷೆಗೆ '15ನೇ ವಿಧಿ' ಎನ್ನುತ್ತಾರೆ. ಯಾವ ಪುಸ್ತಕದಲ್ಲಿಯೂ ಇಲ್ಲದ ಆ ವಿಧಿ ಹೇಳುವುದು, ನಿನ್ನ ಪಾಡು ನೀನು ನೋಡಿಕೋ ಎಂದು. ಶಾಲೆಯ ಮೇಷ್ಟರಿಗೆ ಸಂಬಳ ಮುಟ್ಟದ ಊರಿನಲ್ಲಿ ಏಕತೆಯ ಭಾಷಣ ಮಾಡಿದರೆ ಅವರು 15ನೇ ವಿಧಿಯನ್ನೇ ಓದಿ ಹೇಳುತ್ತಾರೆ.

ಗಣಿಧೂಳು, ಸಂಡೂರು

ನನ್ನ ಮೊದಲ ಮಾತನ್ನು ಅರ್ಧದಷ್ಟು ಹಿಂತೆಗೆದುಕೊಳ್ಳಬೇಕಾಗಿದೆ. ಅಮೆರಿಕ 2010ರಲ್ಲಿ ಸಂಘರ್ಷದ ಖನಿಜಗಳ ಮೇಲೆ ಕಾನೂನು ತಂದ ನಂತರ, ಕಾಂಗೋದ ಅಂದಿನ ಅಧ್ಯಕ್ಷ ಕಬಿಲಾ ಆ ವರ್ಷದ ಸೆಪ್ಟೆಂಬರ್‌ನಿಂದ 2011ರ ಮಾರ್ಚ್‌ವರೆಗೆ ಪೂರ್ವದಲ್ಲಿ ಕೈಗಣಿಗಾರಿಕೆಯನ್ನೇ ನಿಲ್ಲಿಸಿದರಂತೆ. ಬಂದೂಕಿನವರು ಇದ್ದಿಲಿಗೆ, ಚಿನ್ನಕ್ಕೆ, ರಸ್ತೆಯ ಹಗ್ಗಕ್ಕೆ ತಿರುಗಿಕೊಂಡರು, ಅಗೆಯುವವನ ಮನೆಯ ಒಲೆ ಮಾತ್ರ ಆರಿತು.

ಇದು ನನಗೆ ಅರ್ಥವಾಗುವ ಸಂಗತಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ್ದು ಸರಿಯಾದ ಆಜ್ಞೆ, ಅದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ. ಆದರೆ ಸಾಲ ಮಾಡಿ ಕೊಂಡ ನಮ್ಮ ಮಾವನ ಲಾರಿ ಎರಡು ವರ್ಷ ಬೇವಿನ ಮರದ ಕೆಳಗೆ ನಿಂತು, ಟೈರಿನೊಳಗೆ ಹುಲ್ಲು ಬೆಳೆಯಿತು. ಅದಿರು ದೋಚಿದವರ ಮನೆಯಲ್ಲಿ ಆ ಎರಡು ವರ್ಷ ದೀಪ ಆರಿದ್ದನ್ನು ನಾನು ಕಾಣಲಿಲ್ಲ. ಜಿಲ್ಲಾ ಖನಿಜ ನಿಧಿ ಬಂದದ್ದು 2015ರಲ್ಲಿ. ಅದರ ಹಣ ಯಾವ ಹಳ್ಳಿಯ ಯಾವ ಶಾಲೆಗೆ ಹೋಯಿತೆಂದು ಕೇಳಲು ನನಗೆ ಕನಿಷ್ಠ ಒಂದು ಕಚೇರಿಯ ಬಾಗಿಲಾದರೂ ಇದೆ. ಕೊಲ್ವೆಜಿಯ ಹುಡುಗನಿಗೆ ಆ ಬಾಗಿಲು ಎಲ್ಲಿದೆ?

ಎರಡು ಮಾತು, ಮೈಸೂರು

ಬಾಗಿಲಿನ ಮಾತು ಬಂದದ್ದರಿಂದ ಹೇಳುತ್ತೇನೆ. ಅಲ್ಲಿ ಸರ್ಕಾರ ತಲುಪದ ಕಡೆ ಚರ್ಚು ತಲುಪಿದೆ, ಶಾಲೆ, ಆಸ್ಪತ್ರೆ ಬಹುಪಾಲು ಅವರವೇ. ಅವಧಿ ಮುಗಿದರೂ ಕುರ್ಚಿ ಬಿಡದ ಕಬಿಲಾ ಮತ್ತು ವಿರೋಧ ಪಕ್ಷಗಳ ನಡುವೆ 2016ರ ಡಿಸೆಂಬರ್ 31ರಂದು ಒಪ್ಪಂದ ಮಾಡಿಸಿದವರು ಕ್ಯಾಥೊಲಿಕ್ ಬಿಷಪ್ಪರು. 2025ರಲ್ಲಿ ಅವರೂ ಪ್ರೊಟೆಸ್ಟೆಂಟರೂ ಸೇರಿ ಎಲ್ಲ ಪಕ್ಷಗಳ ಬಳಿಗೂ, ಬಂಡುಕೋರರ ಬಳಿಗೂ ಹೋಗಿಬಂದರು. ವಕೀಲರು ಕೇಳುವ ತಂಗಿಯರ ಸಹಿಯನ್ನು ವಾಷಿಂಗ್ಟನ್ ತರಲಾರದು, ಇವರು ತಂದರೆ ತಂದಾರು. ಇಷ್ಟನ್ನು ನಾನೂ ಒಪ್ಪುತ್ತೇನೆ.

ಕರಿ ಕೋಟು, ಬೆಂಗಳೂರು

ಅಂತೂ ಒಪ್ಪಿದಿರಿ. ಜಮೀನಿನ ತಕರಾರುಗಳಿಗೆ ಅಲ್ಲಿ ಹಳ್ಳಿಯ ಮಟ್ಟದಲ್ಲಿ ಏನಾದರೂ ವ್ಯವಸ್ಥೆ ಇತ್ತೇ? ನೀಲಿ ಟೊಪ್ಪಿಗೆಯವರು ಕಂಡಿದ್ದರೆ ತಿಳಿಸಬೇಕು.

ನೀಲಿ ಟೊಪ್ಪಿಗೆ, ಮಡಿಕೇರಿ

ಸ್ವಾಹಿಲಿಯಲ್ಲಿ ಬರಾಜಾ ಎನ್ನುತ್ತಾರೆ. ಆ ಪದಕ್ಕೆ ಮನೆಯ ಮುಂದಿನ ಜಗಲಿ ಎಂದೂ ಅರ್ಥ, ಅಲ್ಲಿ ಕುಳಿತು ನ್ಯಾಯ ಹೇಳುವ ಹಿರಿಯರ ಸಭೆ ಎಂದೂ ಅರ್ಥ. ನಮ್ಮ ಶಿಬಿರದ ಕೆಳಗಿನ ಹಳ್ಳಿಯಲ್ಲಿ ಒಂದನ್ನು ನೋಡಿದ್ದೇನೆ. ಮೂರು ಜನಾಂಗದವರು ಬಂದರು, ಮೂರು ಬೆಂಚುಗಳಲ್ಲಿ ಬೇರೆ ಬೇರೆಯಾಗಿ ಕುಳಿತರು. ನಮ್ಮ ಅಧಿಕಾರಿ ಶಾಂತಿಯ ಕುರಿತು ದುಭಾಷಿಯ ಮೂಲಕ ಮಾತನಾಡಿದಾಗ ಎಲ್ಲರೂ ವಿನಯದಿಂದ ಕೇಳಿಸಿಕೊಂಡರು. ಅವರು ಕುಳಿತ ಮೇಲೆ ಒಬ್ಬ ಮುದುಕಿ ಎದ್ದು, ತನ್ನ ಹುರುಳಿ ಹೊಲವನ್ನು ಯಾರ ಹಸು ತುಳಿಯಿತೆಂಬುದನ್ನು ಮೊದಲು ತೀರ್ಮಾನಿಸಬೇಕೆಂದಳು. ಮುಂದಿನ ಒಂದೂವರೆ ಗಂಟೆ ಅದೇ ನಡೆಯಿತು, ಜೋರಾಗಿ. ಹಸುವಿನವನು ಎರಡು ಬುಟ್ಟಿ ಹುರುಳಿ ಕೊಡುವುದೆಂದಾಯಿತು. ಅವನು ಒಂದು ಬುಟ್ಟಿ ಈಗ, ಇನ್ನೊಂದು ಕೊಯ್ಲಿಗೆ ಎಂದ. ಹೊಲ ಮೂಲತಃ ಯಾರದೆಂಬ ದೊಡ್ಡ ತಕರಾರನ್ನು ಮುಂದಿನ ಸಂತೆಯ ದಿನಕ್ಕೆ ಇಟ್ಟುಕೊಂಡರು. ಏಳುವಾಗ ಬೆಂಚುಗಳು ಸ್ವಲ್ಪ ಕಲಸಿಹೋಗಿದ್ದವು.

ಸಂತೆಯ ದಿನಕ್ಕೆ ಮೊದಲೇ ನಮ್ಮ ತುಕಡಿಯನ್ನು ಬೇರೆ ಕಡೆಗೆ ಕಳುಹಿಸಿದರು. ಎರಡನೆಯ ಬುಟ್ಟಿ ಅವಳಿಗೆ ತಲುಪಿತೋ ಇಲ್ಲವೋ ಎಂದು ಊರಿಗೆ ಬಂದ ಮೇಲೂ ಬಹಳ ದಿನ ಯೋಚಿಸುತ್ತಿದ್ದೆ.